ಪಟೇಲ್ ಶಾಟ್, ಸಂಘಂ ಶಾಟ್: ದೊಡ್ಡವರಿಗೆ ಕಲಿಸುವಾಗ ಫೋನ್ ಯಾರ ಕೈಯಲ್ಲಿರಬೇಕು?

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂದದ್ದು 1975ರಲ್ಲಿ! ಇದನ್ನು ಹೇಳಿದರೆ ಬೆಂಗಳೂರಿನ ಗೆಳೆಯರು ನಂಬೋದಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು ಇಸ್ರೊ 'ಸೈಟ್' ಅಂತ ಒಂದು ಪ್ರಯೋಗ ಮಾಡಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ. ಕರ್ನಾಟಕದ ಪಾಲಿಗೆ ಬಂದದ್ದು ಈ ಮೂರು ಜಿಲ್ಲೆ. ಯಾದಗಿರಿ ಆಗ ಇನ್ನೂ ಕಲಬುರಗಿಯೊಳಗೇ ಇತ್ತು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯ ದೊಡ್ಡ ಆಂಟೆನಾ, ಅದರ ಕೆಳಗೆ ಊರಿಗೊಂದು ಟಿವಿ, ಅದರ ಮುಂದೆ ಊರಿಗೆ ಊರೇ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಎಲ್ಲದರ ಪಾಠ ಆಕಾಶದಿಂದ ಇಳಿಯುತ್ತಿತ್ತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು.

ಅಂದರೆ ದೊಡ್ಡವರಿಗೆ ಯಂತ್ರದ ಮೂಲಕ ಕಲಿಸೋದು ನಮ್ಮ ಭಾಗಕ್ಕೆ ಹೊಸ ವಿಷಯವೇ ಅಲ್ಲ. ದೇಶದಲ್ಲೇ ಮೊದಲು ಅದನ್ನು ಕಂಡವರಲ್ಲಿ ನಾವೂ ಇದ್ದೇವೆ. ಆದರೆ ಆ ಟಿವಿಗೆ ಒಂದು ಮಿತಿ ಇತ್ತು. ಅದು ಹೇಳುತ್ತಿತ್ತು, ಕೇಳುತ್ತಿರಲಿಲ್ಲ. 'ನಮ್ಮ ಹೊಲ ಕರಿ ಮಣ್ಣು, ನೀ ಹೇಳೋದು ಕೆಂಪು ಮಣ್ಣಿಂದು' ಅಂತ ಅನ್ನಬೇಕೆಂದರೆ ಅನ್ನುವ ದಾರಿ ಇರಲಿಲ್ಲ.

ಈಗ 50 ವರ್ಷ ಆಯ್ತು. ಟಿವಿ ಸಣ್ಣದಾಗಿ ಅಂಗೈಗೆ ಬಂದಿದೆ, ಮಾತಾಡಿದರೆ ಉತ್ತರವನ್ನೂ ಕೊಡುತ್ತದೆ. ಹಾಗಿದ್ದೂ ನಮ್ಮ ತರಬೇತಿಗಳು ಆ 1975ರ ಟಿವಿಯ ಹಾಗೇ ನಡೆಯುತ್ತಿವೆ, ಯಾಕೆ? ಇದೇ ನನ್ನ ತಲೆ ಕೊರೆಯುವ ಪ್ರಶ್ನೆ.

ನಾನು ನಮ್ಮ ಈ ಭಾಗದ ಜಿಲ್ಲೆಗಳಲ್ಲಿ ತರಬೇತಿ ಕೊಡುವ ಕೆಲಸ ಮಾಡುತ್ತೇನೆ. ಸಂಘದ ಹೆಂಗಸರು, ಪಂಚಾಯಿತಿ ಸದಸ್ಯರು, ರೈತರು, ಹೀಗೆ. ಆದೇಶದ ಪ್ರತಿಯಲ್ಲಿ ನನ್ನ ಹೆಸರು 'ಸಂಪನ್ಮೂಲ ವ್ಯಕ್ತಿ', ಊರಲ್ಲಿ 'ಟ್ರೇನಿಂಗ್ ಸರ್'. ಹಾಗಾಗಿ ಕೆಳಗೆ ಬರುವ ಬೈಗುಳದಲ್ಲಿ ನನ್ನ ಪಾಲೂ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಯಾದಗಿರಿ ಜಿಲ್ಲೆಯ ಒಂದು ಸಭಾಂಗಣ. ಮೇ ತಿಂಗಳು. ಪಂಚಾಯಿತಿ ಸದಸ್ಯರಿಗೆ ಒಂದು ದಿನದ ತರಬೇತಿ, ನೂರರ ಮೇಲೆ ಜನ, ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಗಣ್ಯರೆಲ್ಲ ಮಾತಾಡಿ ಮುಗಿಸುವ ಹೊತ್ತಿಗೆ ಹನ್ನೆರಡಾಗಿತ್ತು. ನಮ್ಮ ಕಡೆ ಉದ್ಘಾಟನೆ ಭಾಷಣದಲ್ಲಿ ಬಸವಕಲ್ಯಾಣದ ಅನುಭವ ಮಂಟಪ ಬಂದೇ ಬರುತ್ತದೆ. ಎಲ್ಲರೂ ಸಮನಾಗಿ ಕೂತು ಚರ್ಚೆ ಮಾಡಿದ ಜಾಗ ಅದು ಅಂತ ಒಬ್ಬರೇ ಮುಕ್ಕಾಲು ಗಂಟೆ ಮಾತಾಡುತ್ತಾರೆ, ಉಳಿದವರು ಸುಮ್ನೆ ಕೂತು ಕೇಳುತ್ತಾರೆ. ಆಮೇಲೆ ಜಿಪಿಎಸ್ ಫೋಟೊ. ಊರಿನ ಹೆಸರು, ತಾರೀಖು, ಸಮಯ ಎಲ್ಲ ಫೋಟೊದ ಮೇಲೇ ಬೀಳುವಂಥದ್ದು. ಅದು ಗ್ರೂಪಿಗೆ ಹೋದ ಮೇಲೆ ಮೇಲಿನವರ ಲೆಕ್ಕದಲ್ಲಿ ತರಬೇತಿ ಮುಗಿದ ಹಾಗೇ.

ನಾನು ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿಯಿಂದ ಶುರುಮಾಡಿ ಸ್ಲೈಡ್ ಮೇಲೆ ಸ್ಲೈಡ್ ಹಾಕಿದೆ. ಸಂಜೆ ಟಿಎ ಹಂಚುವಾಗ ಒಬ್ಬ ಸದಸ್ಯೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸರ್ರ, ನಾ ಮೀಟಿಂಗ್‌ದಾಗ ಹೇಳಿದ್ದು ಠರಾವ್ ಬುಕ್ಕಿನ್ಯಾಗ ಬರಸ್ಬೇಕಂದ್ರ ಏನ್ ಮಾಡ್ಬೇಕ್ರಿ? ಅವ್ರು ಬರಕೊಳ್ಳಂಗೇ ಇಲ್ರಿ."

ಅವರು ಬಂದದ್ದು ಅದೊಂದಕ್ಕೆ. ನನ್ನ ಸ್ಲೈಡುಗಳಲ್ಲಿ ಅದೊಂದೇ ಇರಲಿಲ್ಲ.

ಮುಂದಿನ ಸಲ ಸ್ಲೈಡು ಬಿಟ್ಟು ಒಂದು ಸುಳ್ಳು ಮೀಟಿಂಗ್ ಮಾಡಿಸಿದೆ. ಒಬ್ಬರು ಅಧ್ಯಕ್ಷೆ, ಒಬ್ಬರು ಪಿಡಿಒ, ಏಳು ಮಂದಿ ಸದಸ್ಯರು, ನಡುವೆ ಒಂದು ನೋಟ್‌ಬುಕ್ಕು. ಪಿಡಿಒ ಪಾತ್ರ ಮಾಡಿದ ಹೆಂಗಸು ಫೋನ್ ನೋಡುತ್ತ ನೋಡುತ್ತ "ಆಯ್ತಾಯ್ತು, ನೋಡೋಣಂತ" ಅಂದ ರೀತಿಗೆ ಇಡೀ ಹಾಲ್ ನಕ್ಕು ನಕ್ಕು ಸುಸ್ತಾಯ್ತು. ಆ ನಗುವಿನಲ್ಲೇ ಪಾಠ ಸಿಕ್ಕಿತು: ವಿಷಯ ಬರೆಯದಿದ್ದರೆ ಸಹಿ ಹಾಕುವ ಮುಂಚೆ ಓದಿ ಹೇಳಿ ಅಂತ ಕೇಳಬೇಕು, ಕೇಳುವಾಗ ಒಬ್ಬರೇ ಅಲ್ಲ, ಇಬ್ಬರು ಮೂವರು ಕೂಡಿ ಕೇಳಬೇಕು. ಇದನ್ನು ನಾನು ಹೇಳಿಕೊಡಲಿಲ್ಲ, ಅವರೇ ಆಡುತ್ತ ಆಡುತ್ತ ಕಂಡುಕೊಂಡರು. ದೊಡ್ಡವರು ಕಲಿಯೋದೇ ಹೀಗೆ. ಮಕ್ಕಳಿಗೆ 'ಮುಂದೆ ಉಪಯೋಗ ಬರುತ್ತೆ' ಅಂತ ಕಲಿಸಬಹುದು. ನಲವತ್ತು ದಾಟಿದವರಿಗೆ ನಾಳೆ ಬೆಳಿಗ್ಗೆಯ ಕೆಲಸಕ್ಕೆ ಬರದ್ದು ತಲೆಯಲ್ಲಿ ನಿಲ್ಲೋದಿಲ್ಲ, ಅದು ಅವರ ತಪ್ಪೂ ಅಲ್ಲ. ಮತ್ತೆ ಅವರ ತಲೆ ಖಾಲಿ ಪಾಟಿಯೂ ಅಲ್ಲ, ಅದರಲ್ಲಿ ಆಗಲೇ ನೂರೆಂಟು ಬರೆದಿರುತ್ತದೆ.

ಇದನ್ನು ಮೊದಲು ಕಂಡುಹಿಡಿದವನು ನಾನೇನಲ್ಲ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಕಮಲಾಪುರ ಇದೆಯಲ್ಲ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ 1980ರ ದಶಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಸ್ವಿಟ್ಜರ್ಲೆಂಡಿನ ನೆರವಿನಿಂದ ಜಲಾನಯನದ ಕೆಲಸ ಮಾಡುತ್ತಿತ್ತು. ಊರಿನ ನಕ್ಷೆಯನ್ನು ಎಂಜಿನಿಯರ್ ಬರೆಯೋದಲ್ಲ, ಊರಿನವರೇ ನೆಲದ ಮೇಲೆ ರಂಗೋಲಿ ಹಿಟ್ಟು, ಕಲ್ಲು, ಕಾಳು ಇಟ್ಟು ಬರೆಯಬೇಕು ಅನ್ನುವ ಪದ್ಧತಿ ಭಾರತದಲ್ಲಿ ಬೇರು ಬಿಟ್ಟದ್ದು ಆ ದಶಕದ ಕೊನೆಯಲ್ಲಿ, ಅದರಲ್ಲಿ ಮೈರಾಡದ ಪಾತ್ರ ದೊಡ್ಡದು. ಪಿಆರ್‌ಎ ಅಂತ ಎಲ್ಲ ಕಚೇರಿಗಳಲ್ಲೂ ಕರೆಯುವುದು ಇದನ್ನೇ. ಇದನ್ನು ಜಗತ್ತಿಗೆಲ್ಲ ಹಬ್ಬಿಸಿದ ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಅವರದು ಒಂದೇ ಸೂತ್ರ: ಕೋಲನ್ನು ಅವರ ಕೈಗೆ ಕೊಡಿ. ನಕ್ಷೆ ತೋರಿಸುವ ಕೋಲು ಯಾರ ಕೈಯಲ್ಲಿರುತ್ತೋ ಅವರೇ ಮೇಷ್ಟ್ರು, ಅಷ್ಟೇ.

ಈಗ ಅದೂ ಒಂದು ಶಾಸ್ತ್ರ ಆಗಿದೆ. ಯೋಜನೆ ವರದಿಗೆ 'ಪಿಆರ್‌ಎ ಫೋಟೊ' ಬೇಕು, ಅದಕ್ಕಾಗಿ ಊರಿಗೆ ಹೋಗಿ ಗುಡಿ ಮುಂದೆ ಬಣ್ಣದ ರಂಗೋಲಿ ಹಾಕಿಸಿ ಫೋಟೊ ತೆಗೆದು, ಅರ್ಧ ಗಂಟೆಯಲ್ಲಿ ಗಾಡಿ ಹತ್ತುತ್ತಾರೆ. ನಕ್ಷೆಯಲ್ಲಿ ತಾಂಡಾ ಇಲ್ಲ, ಕೇರಿ ಇಲ್ಲ. ಯಾಕೆಂದರೆ ನಕ್ಷೆ ಬರೆಯಲು ಕೂತ ನಾಲ್ಕು ಮಂದಿ ಕಟ್ಟೆಯ ಗಂಡಸರೇ. ಹಾಗಾಗಿ 'ಜನರೇ ಮಾಡಿದ್ದು' ಅಂದಾಕ್ಷಣ ನಾನು ಈಗ ನಂಬೋದಿಲ್ಲ. ಯಾವ ಜನ ಅಂತ ಕೇಳುತ್ತೇನೆ. ಗೌಡರ ಮನೆಯವರೂ ಕೂಲಿಯವರೂ ಒಂದೇ ಜಮಖಾನೆ ಮೇಲೆ ಕೂತರು ಅಂದಮಾತ್ರಕ್ಕೆ ಇಬ್ಬರೂ ಮಾತಾಡಿದರು ಅಂತ ಅಲ್ಲ.

ಇಲ್ಲಿಗೆ ಫೋನ್ ಬರುತ್ತದೆ. ಅದಕ್ಕೂ ಮುಂಚೆ ಬೀದರ್ ಗಡಿ ದಾಟಿ ಸ್ವಲ್ಪ ಆಚೆ ಹೋಗಬೇಕು.

ಬೀದರಿನಿಂದ ಜಹೀರಾಬಾದ್ ಕಡೆ ಹೋದರೆ ತೆಲಂಗಾಣದ ಪಸ್ತಾಪುರ ಸಿಗುತ್ತದೆ. ಹಳ್ಳಿ ಹೆಂಗಸರ ಸಂಘಗಳ ಜೊತೆ ಕೆಲಸ ಮಾಡುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಊರು. ಅಲ್ಲಿ 1990ರ ದಶಕದಲ್ಲೇ ಓದು ಬರಹ ಬಾರದ ದಲಿತ ಹೆಂಗಸರು ವಿಡಿಯೊ ಕ್ಯಾಮೆರಾ ಹಿಡಿಯಲು ಕಲಿತರು. ನಮ್ಮದೇ ಮಣ್ಣು, ನಮ್ಮದೇ ಜೋಳ, ತೊಗರಿ. ಅವರಿಗೆ ಕ್ಯಾಮೆರಾ ಕೋನಗಳ ಇಂಗ್ಲಿಷ್ ಹೆಸರು ಬೇಡವಾಗಿತ್ತು. ತಾವೇ ಹೆಸರಿಟ್ಟರು. ಮೇಲಿನಿಂದ ಕೆಳಗೆ ನೋಡುವ ಚಿತ್ರ 'ಪಟೇಲ್ ಶಾಟ್', ಯಾಕೆಂದರೆ ಊರ ಪಟೇಲ ಅವರನ್ನು ನೋಡುತ್ತಿದ್ದದ್ದು ಹಾಗೆ. ಕೆಳಗಿನಿಂದ ಮೇಲೆ ನೋಡೋದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮ ಇಟ್ಟು ತೆಗೆಯೋದು 'ಸಂಘಂ ಶಾಟ್'. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರಲ್ಲ, ಅದಕ್ಕೆ. ಅವರದೇ ಸಂಘಂ ರೇಡಿಯೊ 2008ರ ಅಕ್ಟೋಬರ್ 15ರಂದು ಶುರುವಾಯಿತು. ನಮ್ಮ ದೇಶದ ಮೊದಲ ಗ್ರಾಮೀಣ ಸಮುದಾಯ ರೇಡಿಯೊಗಳಲ್ಲಿ ಅದೂ ಒಂದು.

ಈ ಮೂರು ಹೆಸರು ಕೇಳಿದ ಮೇಲೆ ನನಗೆ ಯಾವ ತರಬೇತಿಗೆ ಹೋದರೂ ಒಂದೇ ಚಾಳಿ: ಇದು ಯಾವ ಶಾಟ್?

ಅಂಗನವಾಡಿ ಕಾರ್ಯಕರ್ತೆಯರ ಪೋಷಣ್ ಟ್ರ್ಯಾಕರ್ ತೆಗೆದುಕೊಳ್ಳಿ. 2021ರಲ್ಲಿ ಬಂದ ಆ್ಯಪ್. ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲ ಅದರಲ್ಲೇ ತುಂಬಬೇಕು, ಆಮೇಲೆ ಮುಖ ಗುರುತಿಸುವುದೂ ಸೇರಿತು. ಸರ್ವರ್ ಇಲ್ಲ, ಫೋನ್ ಹಳೆಯದು, ನೆಟ್‌ವರ್ಕ್ ಬರೋದು ಶಾಲೆ ಮಾಳಿಗೆ ಮೇಲೆ ಮಾತ್ರ. ಅಥವಾ ನರೇಗಾ ಕೆಲಸದ ಹಾಜರಿಗೆ ಬಂದ ಎನ್‌ಎಂಎಂಎಸ್ ಆ್ಯಪ್. 2023ರ ಜನವರಿಯಿಂದ, ಒಬ್ಬೊಬ್ಬ ಫಲಾನುಭವಿಯ ಕೆಲಸ ಬಿಟ್ಟು, ಉಳಿದೆಲ್ಲ ಕೆಲಸಕ್ಕೂ ಕಡ್ಡಾಯ ಆಯ್ತು, ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಹಾಕಬೇಕಿತ್ತು. ಇವೆರಡೂ ಪಕ್ಕಾ ಪಟೇಲ್ ಶಾಟ್. ಮೇಲೆ ಕೂತವರಿಗೆ ಕೆಳಗಿನದು ಕಾಣಲಿ ಅಂತ ಮಾಡಿದ್ದು. ಕೆಳಗಿನವರು ಅದರಿಂದ ಏನಾದರೂ ಕಲಿಯಲಿ ಅಂತ ಅಲ್ಲ.

ಮಜಾ ಅಂದರೆ, ಈ ಆ್ಯಪ್‌ಗಳನ್ನು ಇಷ್ಟು ಹೆಂಗಸರು ಕಲಿತದ್ದು ಹೇಗೆ? ಆದೇಶ ಪ್ರತಿಯ ತರಬೇತಿಯಿಂದ ಅಂತ ನಿಮಗನಿಸಿದರೆ ಒಂದು ಸಲ ಯಾವುದಾದರೂ ವಲಯ ಸಭೆಯ ದಿನ ಹೊರಗೆ ನಿಂತು ನೋಡಿ. ಒಳಗೆ ಪ್ರೊಜೆಕ್ಟರ್ ಓಡುತ್ತಿರುತ್ತದೆ. ಹೊರಗೆ ಕಟ್ಟೆ ಮೇಲೆ ಮೂರು ಮಂದಿ ತಲೆ ಕೂಡಿಸಿ ಒಂದೇ ಫೋನ್ ಮೇಲೆ ಬಗ್ಗಿರುತ್ತಾರೆ. "ಇಲ್ಲಿ ಒತ್ತಬ್ಯಾಡ, ಅದು ಹೊಳ್ಳಿ ಮೊದಲಿಗೇ ಹೋಗ್ತದ." ಅದು ತರಬೇತಿ. ಅದಕ್ಕೆ ಬ್ಯಾನರ್ ಇಲ್ಲ, ಬಜೆಟ್ ಇಲ್ಲ, ಜಿಪಿಎಸ್ ಫೋಟೊ ಇಲ್ಲ. ಆ ಕಟ್ಟೆಯನ್ನೇ ಒಳಗೆ ತಂದರೆ ಸಾಕಿತ್ತು. ಐದು ಮಂದಿಗೊಂದು ಫೋನ್, ಅದನ್ನು ಹಿಡಿಯುವವಳು ಅತಿ ಕಡಿಮೆ ಗೊತ್ತಿರುವವಳು, ಉಳಿದ ನಾಲ್ವರು ಬಾಯಲ್ಲಿ ಹೇಳಬೇಕು, ಕೈ ಹಾಕುವ ಹಾಗಿಲ್ಲ. ನಾನು ಈಗ ಹೀಗೇ ಮಾಡುತ್ತೇನೆ. ಮೊದಲು ಎಲ್ಲರಿಗೂ ಸಿಟ್ಟು ಬರುತ್ತದೆ, ಗೊತ್ತಿರುವವಳ ಕೈ ತುರಿಸುತ್ತದೆ. ಆದರೆ ಕಸಿದುಕೊಂಡು ಮಾಡಿಕೊಟ್ಟರೆ ಆಕೆ ಎಂದೂ ಕಲಿಯೋದಿಲ್ಲ. ಮನೆಯಲ್ಲಿ ಮಗ ಮಾಡೋದೂ ಅದೇ ಅಲ್ವಾ, "ತಾ ಇಲ್ಲಿ" ಅಂತ ಕಿತ್ತುಕೊಂಡು ಎರಡು ನಿಮಿಷದಲ್ಲಿ ಒತ್ತಿ ಕೊಡುತ್ತಾನೆ. ನಾಳೆ ಮತ್ತೆ ಅವನೇ ಬೇಕು.

ಲೆಕ್ಕದ ಕಡೆಗೆ ಸ್ವಲ್ಪ ಬರೋಣ. ಹಳ್ಳಿಯವರಿಗೆ ಡಿಜಿಟಲ್ ಅಕ್ಷರ ಕಲಿಸಲು ಕೇಂದ್ರ ಸರ್ಕಾರ 2017ರಲ್ಲಿ ಪಿಎಂಜಿ-ದಿಶಾ ಅಂತ ಒಂದು ಯೋಜನೆ ತಂದಿತ್ತು. ಮನೆಗೊಬ್ಬರು, 14ರಿಂದ 60 ವರ್ಷದವರು, 20 ಗಂಟೆಯ ಪಾಠ, ಕೊನೆಗೆ ಆನ್‌ಲೈನ್ ಪರೀಕ್ಷೆ. ಗುರಿ 6 ಕೋಟಿ ಮನೆ. 2024ರ ಮಾರ್ಚ್ ಕೊನೆಗೆ ಮುಗಿಯುವಾಗ ಸುಮಾರು 6.39 ಕೋಟಿ ಮಂದಿಗೆ ತರಬೇತಿ ಆಗಿತ್ತು. ಗುರಿ ಮೀರಿದ ಸಾಧನೆ ಅಂತ ಹೇಳಬಹುದು, ಸಂಖ್ಯೆ ಸುಳ್ಳೇನಲ್ಲ. ಆದರೆ ಮನೆಗೊಬ್ಬರು ಅಂದರೆ ಯಾರು? ಹೆಂಗಸರಿಗೆ ಆದ್ಯತೆ ಕೊಡಿ ಅಂತ ಎಷ್ಟೇ ಬರೆದಿರಲಿ, ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಇದ್ದರೆ ಹೆಸರು ಬರೆಸುವುದು ಅವನದನ್ನೇ. ಅವನಿಗೆ ಆಗಲೇ ಎಲ್ಲ ಗೊತ್ತು, ಪರೀಕ್ಷೆ ಸಲೀಸು, ಸರ್ಟಿಫಿಕೇಟು ಬಂತು. ಎಣಿಸುವುದು ಸರ್ಟಿಫಿಕೇಟನ್ನೇ ಆದರೆ, ಕಲಿಸಲು ಸುಲಭ ಇರುವವರನ್ನೇ ಎಲ್ಲರೂ ಹುಡುಕುತ್ತಾರೆ. ಇದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ.

ಅಕ್ಷರ ಕಲಿಕೆಯಲ್ಲೂ ಇದೇ ಕಥೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕಡಿಮೆ. ರಾಜ್ಯದ ಸರಾಸರಿ 75%. ಯಾದಗಿರಿಯ ಹೆಂಗಸರದು ಸುಮಾರು 41%. ಹಳೆಯ ಲೆಕ್ಕ ಹೌದು, ಆದರೆ ಆಗ ಮೂವತ್ತು ವರ್ಷದವರಾಗಿದ್ದ ಹೆಂಗಸರೇ ಈಗ ಸಂಘದಲ್ಲಿ, ಪಂಚಾಯಿತಿಯಲ್ಲಿ ಇರೋದು. 2022ರಿಂದ 'ಉಲ್ಲಾಸ್' ಯೋಜನೆ ಇದೆ. 15 ದಾಟಿದವರಿಗೆ, ಸ್ವಯಂಸೇವಕರಿಂದ, ಐದು ವರ್ಷಕ್ಕೆ 5 ಕೋಟಿ ಜನರ ಗುರಿ, ಖರ್ಚು 1,037.90 ಕೋಟಿ ರೂಪಾಯಿ. ಭಾಗಿಸಿ ನೋಡಿ, ತಲೆಗೆ ಸುಮಾರು 200 ರೂಪಾಯಿ! ಒಂದು ಆ್ಯಪ್, ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಸ್ವಯಂಸೇವಕರೇ ಗತಿ, ಅವರಿಗೆ ಆ್ಯಪೇ ಗತಿ. ಕಲಿಯುವವರಿಗೆ?

1963ರಲ್ಲಿ ಬ್ರೆಜಿಲ್‌ನ ಅಂಜಿಕೋಸ್ ಅನ್ನುವ ಬಡ ಊರಿನಲ್ಲಿ ಪೌಲೊ ಫ್ರೇರೆ ಅನ್ನುವವರು ಸುಮಾರು 300 ಮಂದಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟಿದ್ದರು. ಅವರ ಪದ್ಧತಿಯಲ್ಲಿ ಅ ಆ ಇ ಈ ಇರಲಿಲ್ಲ. ಮೊದಲು ಜನರ ಮಾತು ಕೇಳಿಸಿಕೊಂಡು ಅವರ ಬದುಕಿನ ಕೆಲವು ಪದ ಆರಿಸುವುದು, ಇಟ್ಟಿಗೆ ಅನ್ನುವಂಥವು, ಆಮೇಲೆ ಆ ಪದದ ಸುತ್ತ ಮಾತುಕತೆ, ಕೊನೆಗೆ ಅದರ ಅಕ್ಷರ ಬಿಡಿಸುವುದು. ಇಟ್ಟಿಗೆ ಹೊರುವವನಿಗೆ ಇಟ್ಟಿಗೆಯ ಬಗ್ಗೆ ಹೇಳಲು ಎಷ್ಟಿರಲ್ಲ! ನಮ್ಮ ಕಡೆ ಇದನ್ನು ಮಾಡಿದರೆ ಮೊದಲ ಪದ ಯಾವುದಾಗಬಹುದು? ಗುಳೆ ಅಂತ ನನ್ನ ಊಹೆ. ಎರಡೇ ಅಕ್ಷರ. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರು, ಗುತ್ತೇದಾರ, ಮುಂಗಡ, ಮುದುಕರ ಹತ್ತಿರ ಬಿಟ್ಟುಹೋದ ಮಕ್ಕಳು, ಎಲ್ಲ ಆ ಎರಡು ಅಕ್ಷರದ ಹಿಂದೆ ಬರುತ್ತವೆ. ರಾಜ್ಯಕ್ಕೆಲ್ಲ ಒಂದೇ ಆ್ಯಪ್ ಮಾಡುವವರಿಗೆ ಈ ಪದ ಹೊಳೆಯಲಿಕ್ಕಿಲ್ಲ.

ಭಾಷೆಯ ವಿಷಯ ಎತ್ತಿದ್ದೇನೆ, ಇದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು. ತರಬೇತಿ ವಿಡಿಯೊಗಳು ಮೈಸೂರು, ಬೆಂಗಳೂರಿನ ಕನ್ನಡದಲ್ಲಿ ಬರುತ್ತವೆ. ಅದೂ ಪುಸ್ತಕದ ಕನ್ನಡ. 'ಸ್ವಸಹಾಯ ಗುಂಪಿನ ಸುಸ್ಥಿರ ಜೀವನೋಪಾಯ ಚಟುವಟಿಕೆ' ಅಂತ ಒಂದು ಸಾಲು ಬಂದರೆ ಆಳಂದದ ಹೆಂಗಸು ನನ್ನ ಮುಖ ನೋಡುತ್ತಾಳೆ. ಮತ್ತೆ ಇಲ್ಲಿ ಕನ್ನಡ ಒಂದೇ ಅಲ್ಲ. ಗುರುಮಠಕಲ್ ಕಡೆ ತೆಲುಗು, ಔರಾದ, ಭಾಲ್ಕಿ ಕಡೆ ಮರಾಠಿ, ಪೇಟೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಒಂದೇ ಹಾಲ್‌ನಲ್ಲಿ ಮೂರು ಮನೆಮಾತು ಇರೋದು ನಮಗೆ ಮಾಮೂಲು. ಹಾಲ್‌ನಲ್ಲಿ ಇದು ದೊಡ್ಡ ಕಷ್ಟವಲ್ಲ, ಪಕ್ಕದವಳು ತಿರುಗಿಸಿ ಹೇಳುತ್ತಾಳೆ. ಫೋನಿನಲ್ಲಿ ಪಕ್ಕದವಳು ಇರೋದಿಲ್ಲ. ಈಗ ಮಾತಾಡಿದರೆ ತಿಳಿದುಕೊಳ್ಳುವ ಎಐ ಬಂದಿದೆ, ಭಾಷೆಯಿಂದ ಭಾಷೆಗೆ ತಿರುಗಿಸುವ ಕೇಂದ್ರದ ಭಾಷಿಣಿ ಯೋಜನೆಯೂ ಇದೆ. ನನಗೆ ಅದರ ಮೇಲೆ ಆಸೆ ಇದೆ, ನಿಜ. ಓದಲು ಬಾರದವರಿಗೆ ಬಾಯಿಯೇ ಕೀಬೋರ್ಡ್ ಆದರೆ ಅದಕ್ಕಿಂತ ದೊಡ್ಡದು ಬೇರೇನಿದೆ? ಆದರೆ ನಾನು ಪರೀಕ್ಷೆ ಮಾಡಿದ ಫೋನಿನಲ್ಲಿ "ತೊಗರಿಗೆ ನೆಟೆ ಹತ್ಯಾದ, ಏನ್ ಮಾಡ್ಲಿ" ಅಂದಾಗ ಅದು 'ತೊಗರಿಗೆ ನಟಿ ಹತ್ತಿದ್ದಾರೆ' ಅಂತ ಬರೆದುಕೊಂಡಿತು. ಊರವರಿಗೆ ಒಂದು ವಾರ ನಗಲು ಅದೇ ಸಾಕಾಯ್ತು.

ನೆಟೆ ಅಂದರೆ ನಗುವ ವಿಷಯ ಅಲ್ಲ ಅಂತ ಕಲಬುರಗಿಯವರಿಗೆ ಹೇಳಬೇಕಿಲ್ಲ. ಮಣ್ಣಿನ ಶಿಲೀಂಧ್ರದಿಂದ ಬರುವ ರೋಗ, ನಿಂತ ಗಿಡ ನಿಂತಲ್ಲೇ ಒಣಗುತ್ತದೆ. 2022ರ ಹಂಗಾಮಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಹೊಲ ಹೊಲವೇ ಹೋಯ್ತು. ಬಂದ ಮೇಲೆ ಮಾಡುವಂಥದ್ದು ಹೆಚ್ಚೇನಿಲ್ಲ. ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಹಚ್ಚಬೇಕು, ವರ್ಷ ವರ್ಷ ಅದೇ ಹೊಲಕ್ಕೆ ತೊಗರಿ ಹಾಕಬಾರದು, ತಡೆದುಕೊಳ್ಳುವ ತಳಿ ಹುಡುಕಬೇಕು. ಇದೆಲ್ಲ ರೈತರಿಗೆ ಗೊತ್ತೇ ಇಲ್ಲ ಅಂತಲ್ಲ. ಮೊಬೈಲಿಗೆ ಸಂದೇಶ ಬಂದಿರುತ್ತದೆ, ರೇಡಿಯೊದಲ್ಲಿ ಹೇಳಿರುತ್ತಾರೆ. ಗೊತ್ತಾಗೋದು ಬೇರೆ, ಮಾಡೋದು ಬೇರೆ.

ಇಂಡೊನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳ ಬಿದ್ದಾಗ, 1989ರಲ್ಲಿ, ರೈತರ ಹೊಲಶಾಲೆ ಅಂತ ಒಂದು ಪದ್ಧತಿ ಶುರುವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದರ ಹಿಂದಿತ್ತು. ಇಪ್ಪತ್ತು ಇಪ್ಪತ್ತೈದು ರೈತರು ಇಡೀ ಹಂಗಾಮು ವಾರಕ್ಕೊಮ್ಮೆ ಒಂದೇ ಹೊಲದಲ್ಲಿ ಸೇರಬೇಕು, ಗಿಡ ನೋಡಬೇಕು, ಹುಳ ಎಣಿಸಬೇಕು, ಕಂಡದ್ದನ್ನು ದೊಡ್ಡ ಹಾಳೆ ಮೇಲೆ ಚಿತ್ರ ಬರೆಯಬೇಕು, ಔಷಧಿ ಹೊಡೆಯೋಣವೋ ಬೇಡವೋ ಅಂತ ತಾವೇ ವಾದ ಮಾಡಿ ತೀರ್ಮಾನ ಮಾಡಬೇಕು. ಉಪನ್ಯಾಸ ಇಲ್ಲ. ರೈತ ಕೇಳಿದ ಪ್ರಶ್ನೆಗೂ ಅಧಿಕಾರಿ ನೇರ ಉತ್ತರ ಕೊಡುವ ಹಾಗಿಲ್ಲ, 'ನೀವು ಎಲ್ಲಿ ಕಂಡ್ರಿ, ಏನು ಮಾಡ್ತಿತ್ತು ಅದು' ಅಂತ ತಿರುಗಿ ಕೇಳಬೇಕು. ನಮ್ಮಲ್ಲೂ ಈ ಹೆಸರಿನಲ್ಲಿ ಕಾರ್ಯಕ್ರಮಗಳು ನಡೆದಿವೆ. ಚೆನ್ನಾಗಿ ನಡೆದ ಕಡೆ ಫಲ ಕಣ್ಣಿಗೆ ಕಾಣುತ್ತದೆ. ಕೆಲವು ಕಡೆ ಇಡೀ ಹಂಗಾಮಿನ ಶಾಲೆ ಒಂದು ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಅದನ್ನೂ ನೋಡಿದ್ದೇನೆ, ಊಟ ಚೆನ್ನಾಗಿತ್ತು.

ಇದರ ಕಷ್ಟ ಏನೆಂದರೆ ಇದು ನಿಧಾನ, ದುಬಾರಿ. ವಾರ ವಾರ ಹೋಗಲು ಕೃಷಿ ಇಲಾಖೆಯಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಇಲ್ಲೇ ಡಿಜಿಟಲ್ ಉಪಕರಣಕ್ಕೆ ನಿಜವಾದ ಕೆಲಸ ಇರೋದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಿಂದ ಹುಟ್ಟಿದ 'ಡಿಜಿಟಲ್ ಗ್ರೀನ್' ಪ್ರಯೋಗ ನೆನಪಿಸಿಕೊಳ್ಳಬೇಕು. ಮೊದಲು ನಡೆದದ್ದು ಕರ್ನಾಟಕದ ಹಳ್ಳಿಗಳಲ್ಲೇ. ಊರಿನ ರೈತರನ್ನೇ ವಿಡಿಯೊ ಮಾಡಿ, ಸಂಜೆ ತೋರಿಸುವುದು. ತೋರಿಸುವಾಗ ಊರಿನವರೇ ಒಬ್ಬರು ಪಕ್ಕದಲ್ಲಿದ್ದು, ನಡುನಡುವೆ ನಿಲ್ಲಿಸಿ 'ಇದನ್ನು ಯಾರು ಮಾಡಿದ್ದೀರಿ' ಅಂತ ಕೇಳಬೇಕು. ಅಧಿಕಾರಿ ಊರಿಗೆ ಬಂದು ಹೇಳಿಹೋಗುವ ಹಳೆಯ ರೀತಿಯ ತರಬೇತಿಗೆ ಹೋಲಿಸಿದರೆ ಖರ್ಚು ಮಾಡಿದ ಪ್ರತಿ ರೂಪಾಯಿಗೆ ಹತ್ತು ಪಟ್ಟು ಫಲ ಅಂತ ಅವರ ಅಧ್ಯಯನ ಹೇಳಿತು. ಇದರ ಗುಟ್ಟು ಆ ನಿಲ್ಲಿಸುವ ಬಟನ್‌ನಲ್ಲಿ ಇದೆ ಅಂತ ನನ್ನ ನಂಬಿಕೆ. 1975ರ ಟಿವಿಯನ್ನು ಯಾರೂ ನಿಲ್ಲಿಸಲು ಆಗುತ್ತಿರಲಿಲ್ಲ. ಇದನ್ನು ಆಗುತ್ತದೆ. ಮತ್ತೆ ಪರದೆ ಮೇಲೆ ಇರುವವನು ಪಕ್ಕದ ಊರಿನವನು, 'ಅವನಿಗೆ ಆದದ್ದು ನನಗ್ಯಾಕೆ ಆಗಲ್ಲ' ಅನ್ನುವ ಹಟ ಹುಟ್ಟುತ್ತದೆ. ಈ ಹಟವನ್ನು ಯಾವ ವಿಜ್ಞಾನಿಯ ಭಾಷಣವೂ ಹುಟ್ಟಿಸದು.

ಫೋನ್ ಇನ್ನೊಂದು ಉಪಕಾರ ಮಾಡಿದೆ, ಅದನ್ನು ನಾನು ಮೊದಲು ಎಣಿಸಿರಲಿಲ್ಲ. ಸಂಘದ ಸಭೆಯಲ್ಲಿ ಅತ್ತೆಯೂ ಇರುತ್ತಾಳೆ, ಸೊಸೆಯೂ ಇರುತ್ತಾಳೆ. ಸೊಸೆ ಬಾಯಿ ಬಿಡೋದಿಲ್ಲ. ನಾವು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆವು. ಒಂದೇ ನಿಯಮ: ಬರೆಯೋದು ಬೇಡ, ಗುಡ್ ಮಾರ್ನಿಂಗ್ ಹೂವೂ ಬೇಡ, ಮಾತು ಮಾತ್ರ. ಮೂರು ದಿನ ಯಾರೂ ಏನೂ ಕಳಿಸಲಿಲ್ಲ. ನಾಲ್ಕನೇ ರಾತ್ರಿ ಹತ್ತರ ನಂತರ, ಪಾತ್ರೆ ಪಗಡೆ ಎಲ್ಲ ಮುಗಿದ ಹೊತ್ತಿಗೆ, ಒಂದೊಂದೇ ಧ್ವನಿ ಬರಲು ಶುರುವಾಯಿತು. ಪಿಸುಮಾತಿನಲ್ಲಿ. ಹಿಂದೆ ನಾಯಿ ಬೊಗಳುವುದು, ಮಗು ಕೆಮ್ಮುವುದು ಕೇಳುತ್ತಿತ್ತು. ಸಭೆಯಲ್ಲಿ ಒಂದು ವರ್ಷ ಬಾಯಿ ಬಿಡದವರು ಸಾಲದ ಬಡ್ಡಿ ಲೆಕ್ಕ ಕೇಳಿದರು, ಪುಸ್ತಕದಲ್ಲಿ ಬರೆದ ಉಳಿತಾಯ ನನ್ನ ಲೆಕ್ಕಕ್ಕೆ ತಾಳೆ ಆಗುತ್ತಿಲ್ಲ ಅಂದರು. ರಂಗೋಲಿ ನಕ್ಷೆಯಲ್ಲಿ ಸಿಗದವರು ಇಲ್ಲಿ ಸಿಕ್ಕರು. ಆದರೆ ಫೋನ್ ಗಂಡನದೇ ಆಗಿರುವ ಮನೆಗಳ ಹೆಂಗಸರು ಇಲ್ಲೂ ಸಿಗಲಿಲ್ಲ. ಅವರಿಗೆ ಈಗಲೂ ಹಾಲ್ ಬೇಕು, ಜಮಖಾನೆ ಬೇಕು. ಶಕ್ತಿ ಯೋಜನೆಯಿಂದ ಬಸ್ ಪುಕ್ಕಟೆ ಆದ ಮೇಲೆ ತಾಲ್ಲೂಕಿಗೆ ಬರುವ ಹೆಂಗಸರು ಹೆಚ್ಚಿದ್ದಾರೆ, ಬಂದದ್ದಕ್ಕೆ ಅರ್ಧ ಕಾರಣ ಮನೆಯಿಂದ ಒಂದು ದಿನ ಹೊರಗೆ ಬರೋದೇ. ಅದನ್ನು ಆನ್‌ಲೈನ್ ಮಾಡಿ ಕಸಿದುಕೊಳ್ಳಬೇಡಿ ಅಂತ ಯೋಜನೆ ಮಾಡುವವರಿಗೆ ನಾನು ಕೈಮುಗಿದು ಹೇಳುತ್ತೇನೆ.

ದುಡ್ಡಿನ ಒಂದು ಮಾತು. ತರಬೇತಿ ಬಜೆಟ್ ಹಾಳೆಯಲ್ಲಿ ಹಾಲ್ ಬಾಡಿಗೆ ಇರುತ್ತದೆ, ಬ್ಯಾನರ್, ಚಹಾ, ಊಟ, ಕಿಟ್ ಬ್ಯಾಗು, ನನ್ನ ಸಂಭಾವನೆ ಇರುತ್ತದೆ. ತಿಂಗಳು ಬಿಟ್ಟು ಅದೇ ಜನರ ಹತ್ತಿರ ಮತ್ತೆ ಹೋಗಲು ಒಂದು ಸಾಲೂ ಇರೋದಿಲ್ಲ. ನೂರೈವತ್ತು ಮಂದಿಗೆ ಒಂದು ದಿನ ಅನ್ನುವುದನ್ನು ಮೂವತ್ತು ಮಂದಿಗೆ ಐದು ಸಲ ಅಂತ ಮಾಡಿದರೆ ಊಟದ ಖರ್ಚು ಅಷ್ಟೇ ಆಗುತ್ತದೆ. ಇದನ್ನು ಒಬ್ಬ ಅಧಿಕಾರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಒಪ್ಪಿದರು. ಆಮೇಲೆ, "ನೀವ್ ಹೇಳೋದು ಖರೇ ಅದರಿ, ಆದ್ರ ನನಗ ನೂರೈವತ್ತು ಹೆಸರು ತೋರ್ಸಬೇಕಲ್ರಿ" ಅಂದರು. ಆತನ ಮೇಲೂ ಒಂದು ಪಟೇಲ್ ಶಾಟ್ ಇದೆ, ಜಿಲ್ಲೆಯಿಂದ. ಜಿಲ್ಲೆಯ ಮೇಲೆ ಬೆಂಗಳೂರಿನಿಂದ.

ಹೋದ ವರ್ಷ ಸೇಡಂ ಕಡೆಯ ಒಂದು ತಾಂಡಾದ ಹೆಂಗಸು ತೊಗರಿ ಕುಡಿ ಚಿವುಟುವ ವಿಡಿಯೊ ಮಾಡಿದರು. ಬಿತ್ತಿ ಸುಮಾರು 50 ದಿನಕ್ಕೆ ಕುಡಿ ಚಿವುಟಿದರೆ ಟೊಂಗೆ ಜಾಸ್ತಿ ಒಡೆಯುತ್ತವೆ, ಕಾಯಿಯೂ ಜಾಸ್ತಿ. ನಾನು ಬರೀ ಫೋನ್ ಹಿಡಿಯುವ ಬಗೆ ತೋರಿಸಿದ್ದೆ, ಅದನ್ನೂ ಅವರು ಕೇಳಲಿಲ್ಲ. ಹೆಬ್ಬೆರಳು ಒಂದು ಮೂಲೆಗೆ ಅಡ್ಡ ಬಂದಿದೆ, ಗಾಳಿ ಸದ್ದು, ಅರ್ಧ ಲಂಬಾಣಿ, ಅರ್ಧ ಕನ್ನಡ. ಎರಡು ನಿಮಿಷ ಹತ್ತು ಸೆಕೆಂಡು. ಅದು ಯಾವ ಯಾವ ಗುಂಪಿಗೆ ಹೋಯಿತೋ ಗೊತ್ತಿಲ್ಲ. ಒಂದು ದಿನ ಔರಾದ ಕಡೆಯ ಯಾರೋ ನನಗೆ ಧ್ವನಿ ಸಂದೇಶ ಕಳಿಸಿ, ಕಟಾವಿಗೆ ತಡ ಆಗುತ್ತದೆಯೇ, ಮಳೆ ಹಿಂದೆ ಬಿದ್ದರೆ ಎಷ್ಟನೇ ದಿನಕ್ಕೆ ಚಿವುಟಬೇಕು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ತಾಂಡಾದ ಅಕ್ಕನಿಗೆ ಹಾಗೇ ಮುಂದೆ ದಾಟಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು. ಉತ್ತರ ಅಂದರೆ ಉತ್ತರ ಅಲ್ಲ, ಅವರೂ ತಿರುಗಿ ಕೇಳಿದ್ದರು: "ನಿಮ್ಮ ಗಿಡ ಈಗ ಎಷ್ಟು ಎತ್ತರ ಅದಾವ್ರಿ? ಮೊಣಕಾಲ್ ಮಟ್ಟ ಅದಾವೋ, ಟೊಂಕದ ಮಟ್ಟ ಅದಾವೋ? ಒಂದು ಫೋಟೊ ಹಾಕ್ರಿ, ನೋಡಿ ಹೇಳ್ತೀನಿ."